ಸೂಜಿ ಒಂದು ಗಳಿಗೆ, ಗಾಯ ಮಾಯೋದು ಒಂದು ತಿಂಗಳು

ಕೊತ್ತತ್ತಿ ಕಡೆ ಎಪ್ಪತ್ತು ದಾಟಿದ ಅಜ್ಜಿಯರ ಮುಂಗೈ ಮೇಲೆ ಇನ್ನೂ ಹಸಿರು ಗೆರೆಗಳು ಕಾಣುತ್ತವೆ. ಚುಕ್ಕಿ ರಂಗೋಲಿ, ತುಳಸಿಕಟ್ಟೆ, ಚೇಳು, ಕೆಲವರಿಗೆ ಗಂಡನ ಹೆಸರು. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೇಲಿ ಬರುತ್ತದೆ ಅನ್ನೋದು ಅವರ ನಂಬಿಕೆ. ಮೊಮ್ಮಕ್ಕಳ ಕೈಯಲ್ಲಿ ಈಗ ಟ್ಯಾಟೂ ಇದೆ. ಹೆಸರು ಬದಲಾದರೂ ಕೆಲಸ ಅದೇ: ಸೂಜಿಯಿಂದ ಚರ್ಮದೊಳಕ್ಕೆ ಬಣ್ಣ ಇಳಿಸೋದು. ಬದಲಾಗಿರೋದು ಸೂಜಿ ಎತ್ತಿದ ಮೇಲಿನ ಆರೈಕೆ.

ಹಳೇ ಮೈಸೂರು ಸೀಮೆಯಲ್ಲಿ ಹಚ್ಚೆ ಹುಯ್ಯುತ್ತಿದ್ದವರು ಹೆಚ್ಚಾಗಿ ಕೊರವಂಜಿಯರು. ಕಿಳ್ಳೇಕ್ಯಾತರ ಹೆಂಗಸರಿಗೂ ಈ ವಿದ್ಯೆ ಗೊತ್ತಿತ್ತು. ಮದ್ರಾಸ್ ಸರ್ಕಾರಿ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷ್ ಅಧಿಕಾರಿ, ದಕ್ಷಿಣ ಭಾರತದ ಜನಜೀವನದ ಬಗ್ಗೆ 1906ರಲ್ಲಿ ತಂದ ಪುಸ್ತಕದಲ್ಲಿ ಈ ಕೆಲಸದ ವಿವರ ಬರೆದಿದ್ದಾನೆ. ಅರಿಶಿನದ ಪುಡಿ ಮತ್ತು ಅಗಸೆ ಮರದ ಸೊಪ್ಪನ್ನು ಅರೆದು ಬಟ್ಟೆಗೆ ಸವರಿ ಬತ್ತಿ ಮಾಡುತ್ತಿದ್ದರು. ಹರಳೆಣ್ಣೆ ದೀಪದಲ್ಲಿ ಅದನ್ನು ಉರಿಸಿ, ಮೇಲೆ ಹೊಸ ಮಡಕೆ ಕವುಚಿ, ಕಟ್ಟಿದ ಮಸಿಯನ್ನು ಕೆರೆದು ತೆಗೆಯುತ್ತಿದ್ದರು. ಆ ಮಸಿಗೆ ನೀರೋ ಎದೆಹಾಲೋ ಬೆರೆಸಿದರೆ ಶಾಯಿ. ಮೂರು ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರು. ನೋವು ಮರೆಸೋಕೆ ಹಾಡು ಹೇಳುತ್ತಿದ್ದರು.

ಕೊನೆಯ ಹಂತ ಮುಖ್ಯ. ಚುಚ್ಚಿ ಮುಗಿದ ಮೇಲೆ ತಣ್ಣೀರಲ್ಲಿ ತೊಳೆದು ಅರಿಶಿನ ಬಳಿಯುತ್ತಿದ್ದರು. ಬಣ್ಣ ಕೂರಲಿ, ಊತ ಬರದಿರಲಿ ಅಂತ. ಅಂದರೆ ಆರೈಕೆಯೂ ಆ ಕೆಲಸದ ಒಂದು ಭಾಗವೇ ಆಗಿತ್ತು.

ಇಷ್ಟು ಗೊತ್ತಿದ್ದ ಜನರಿಗೆ ಸಿಕ್ಕಿದ ಮರ್ಯಾದೆ ಎಂಥದು? ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರವರನ್ನೂ ಆ ಪಟ್ಟಿಗೆ ಸೇರಿಸಿದರು. ಕಾಯ್ದೆ ರದ್ದಾಗಿದ್ದು 1952ರಲ್ಲಿ. ಊರೂರು ಸುತ್ತುವುದೇ ಅನುಮಾನಕ್ಕೆ ಕಾರಣವಾದರೆ, ಊರೂರು ಸುತ್ತಿ ಮಾಡುವ ಕಸುಬು ಉಳಿಯೋದು ಹೇಗೆ?

ಕಿವಿ ಚುಚ್ಚುವ ಚರಿತ್ರೆ ಇನ್ನೂ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದ ಬಹುಪಾಲು ಕಿವಿಯದ್ದೇ. ಮಗುವಿಗೆ ಆರೋ ಏಳೋ ತಿಂಗಳಾದಾಗ, ಬಿಸಿಲಿಗೆ ಹಿಡಿದು ಹಾಲೆಯಲ್ಲಿ ಬೆಳಕು ತೂರುವ ಜಾಗ ನೋಡಿ ಚುಚ್ಚಬೇಕು. ಗಂಡು ಮಗುವಿಗೆ ಮೊದಲು ಬಲಗಿವಿ, ಹೆಣ್ಣು ಮಗುವಿಗೆ ಎಡಗಿವಿ. ತೂತಿಗೆ ಹತ್ತಿ ಬತ್ತಿ ಇಟ್ಟು ಎಣ್ಣೆ ಬಿಡಬೇಕು. ಮೂರು ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪದ ಬತ್ತಿ ಬದಲಿಸಬೇಕು. ಜಾಗ ತಪ್ಪಿ ರಕ್ತನಾಳಕ್ಕೆ ಚುಚ್ಚಿದರೆ ಜ್ವರ, ಉರಿ, ಊತ ಬರುತ್ತದೆ ಅಂತಲೂ ಎಚ್ಚರಿಕೆ ಇದೆ. ನೋವು ಜಾಸ್ತಿಯಾದರೆ ಬತ್ತಿ ತೆಗೆದು, ಮಾಯೋವರೆಗೆ ಔಷಧಿ ಲೇಪ ಹಚ್ಚಿ, ಆಮೇಲೆ ಮತ್ತೆ ಚುಚ್ಚಬೇಕು. ಅದೇ ಅಧ್ಯಾಯದಲ್ಲಿ ಹರಿದ ಕಿವಿ ಜೋಡಿಸುವ 15 ವಿಧಾನಗಳಿವೆ. ಕೆಟ್ಟ ಕಿವಿಗಳು ಆಗಲೂ ಬೇಕಾದಷ್ಟಿದ್ದವು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಇದರ ನೆರಳು ಇನ್ನೂ ಇದೆ. ಸೋದರಮಾವನ ತೊಡೆ ಮೇಲೆ ಮಗು ಕೂರಿಸಿ ಆಚಾರ್ರು ಚಿನ್ನದ ತಂತಿಯಲ್ಲಿ ಚುಚ್ಚುತ್ತಾರೆ. ದಿನಾ ಕೊಬ್ಬರಿ ಎಣ್ಣೆ ಬಿಡೋದು ಅಜ್ಜಿಯ ಕೆಲಸ. ತೂತು ಮುಚ್ಚದಿರಲಿ ಅಂತ ಬೇವಿನ ಕಡ್ಡಿ ಇಡುತ್ತಾರೆ. ಚುಚ್ಚಿದವರು ಊರಲ್ಲೇ ಇರುತ್ತಾರೆ, ಕೀವಾದರೆ ಹೋಗಿ ಕೇಳಬಹುದು.

ಹಾಗಂತ ಹಳೆಯದೆಲ್ಲ ಸರಿ ಅಂತಲ್ಲ. ಒಂದೇ ಸೂಜಿ ಹತ್ತು ಕೈಗೆ ಹೋದರೆ ರಕ್ತದಿಂದ ರಕ್ತಕ್ಕೆ ರೋಗ ಹೋಗುತ್ತದೆ. ಹೆಪಟೈಟಿಸ್ ಬಿ ವೈರಸ್ ಗೊತ್ತಾಗಿದ್ದು 1960ರ ದಶಕದಲ್ಲಿ, ಸಿ ವೈರಸ್ 1989ರಲ್ಲಿ. ಅಜ್ಜಿಯರ ಕಾಲಕ್ಕೆ ಇದು ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಅಡುಗೆಮನೆ ಅರಿಶಿನ, ಬೂದಿ, ಸಗಣಿ ಯಾವುದನ್ನೂ ಹಸಿ ಗಾಯಕ್ಕೆ ಈಗ ಹಚ್ಚಬಾರದು.

1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಕರೆಂಟಿನ ಟ್ಯಾಟೂ ಮೆಷೀನಿಗೆ ಪೇಟೆಂಟ್ ಪಡೆದ. ಅಂಥ ಮೆಷೀನು ಈಗ ಜಾತ್ರೆಯ ಬಯಲಿಗೂ ಬಂದಿದೆ. ಹತ್ತು ನಿಮಿಷಕ್ಕೆ ಹೆಸರು ರೆಡಿ. ಜಾತ್ರೆ ಮುಗಿದ ಮಾರನೇ ದಿನ ಅಂಗಡಿಯವನು ಮುಂದಿನ ಊರಲ್ಲಿ, ಗಾಯ ನಮ್ಮ ಕೈಯಲ್ಲಿ. ಸೂಜಿ ಹೊಸದಾಯಿತು, ಆರೈಕೆ ಮಾತ್ರ ಯಾರ ಜವಾಬ್ದಾರಿಯೂ ಅಲ್ಲ ಅನ್ನುವಂತಾಯಿತು.

ಆ ಜವಾಬ್ದಾರಿಯನ್ನು ನಾವೇ ಹೊರಬೇಕು. ಕೂರುವ ಮೊದಲು ಸೂಜಿಯ ಹೊಸ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯೋಕೆ ಹೇಳಿ. ಕೈಗೆ ಹೊಸ ಗ್ಲೌಸ್ ಇದೆಯಾ, ಶಾಯಿಯನ್ನು ನಿಮಗೇ ಅಂತ ಬೇರೆ ಬಟ್ಟಲಿಗೆ ಹಾಕಿದರಾ ನೋಡಿ. ಧನುರ್ವಾಯು ತಡೆಯುವ ಇಂಜೆಕ್ಷನ್ ಆಗಿದೆಯಾ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಹೊಸ ಟ್ಯಾಟೂ ಮೇಲ್ಮೈ ಮಾಯೋಕೆ ಎರಡರಿಂದ ನಾಲ್ಕು ವಾರ ಬೇಕು. ಕೈ ತೊಳೆದುಕೊಂಡೇ ಮುಟ್ಟಿ. ದಿನಕ್ಕೆರಡು ಸಲ ಸಾಧಾರಣ ಸೋಪಲ್ಲಿ ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ವ್ಯಾಸಲೀನ್ ತೆಳ್ಳಗೆ ಸವರಿ. ಹೊಟ್ಟು ಏಳುತ್ತದೆ, ಕೆರೆಯುತ್ತದೆ, ಕೀಳಬೇಡಿ. ಅಲ್ಲಿವರೆಗೆ ನಾಲೆಗೆ ಇಳಿಯಬೇಡಿ, ದನ ತೊಳೆಯಬೇಡಿ. ಕಬ್ಬಿನ ಗದ್ದೆಗೆ ಹೋಗಲೇಬೇಕಾದರೆ ಸೋಗೆ ತಾಗದಂತೆ ತುಂಬುತೋಳಿನ ಸಡಿಲ ಹತ್ತಿ ಬಟ್ಟೆ ಹಾಕಿ.

ಕಿವಿ ಹಾಲೆಗೆ ಆರರಿಂದ ಎಂಟು ವಾರ. ಕಾದು ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ, ಶುದ್ಧ ಬಟ್ಟೆ ಅದ್ದಿ ದಿನಕ್ಕೆರಡು ಸಲ ಒರೆಸಿ. ಓಲೆ ತಿರುಗಿಸುತ್ತಾ ಇರಬೇಡಿ. ಈಗಿನ ಹುಡುಗಿಯರು, ಹುಡುಗರೂ, ಕಿವಿಯ ಮೇಲ್ಭಾಗದ ಗಟ್ಟಿ ಜಾಗಕ್ಕೆ ಚುಚ್ಚಿಸುತ್ತಾರೆ. ಅಲ್ಲಿ ಮೃದ್ವಸ್ಥಿ ಇರುತ್ತದೆ, ಅದಕ್ಕೆ ಸ್ವಂತ ರಕ್ತ ಸಂಚಾರ ಇಲ್ಲ. ಹಾಗಾಗಿ ತಿಂಗಳುಗಟ್ಟಲೆ ಮಾಯುವುದಿಲ್ಲ. ಕೀವು ಕಟ್ಟಿದರೆ ಕಿವಿಯ ಆಕಾರವೇ ಕೆಡಬಹುದು. ಅಲ್ಲಿ ಊದಿಕೊಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಟ್ಯಾಟೂ ಇರಲಿ, ಕಿವಿ ಇರಲಿ, ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ, ಕೀವು ಸುರಿದರೆ ಮನೆಮದ್ದು ನಿಲ್ಲಿಸಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ರಕ್ತದಾನ ಶಿಬಿರಗಳಿಗೆ ಬರುವವರಲ್ಲಿ ಹರೆಯದವರೇ ಜಾಸ್ತಿ. 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಟ್ಯಾಟೂ ಹಾಕಿಸಿದ, ಮೈ ಚುಚ್ಚಿಸಿದ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಆಪರೇಷನ್, ಹೆರಿಗೆ ಹತ್ತಿರ ಇದ್ದರೆ, ರಕ್ತ ಕೊಡಬೇಕಾದವರು ನೀವೇ ಆಗಿದ್ದರೆ, ಈ ಜಾತ್ರೆ ಬಿಟ್ಟು ಮುಂದಿನ ಜಾತ್ರೆಗೆ ಹಾಕಿಸಿಕೊಳ್ಳಿ.