ದಿನ ಗೊತ್ತುಮಾಡಿ ಬದಲಾದ ಭಾಷೆ

ಭಾಷೆ ಬದಲಾಗುವುದು ಲೋಕಸಹಜವಾದ ಸಂಗತಿ. ಆದರೆ ಅದು ಇಂಥ ದಿನವೇ ಬದಲಾಯಿತೆಂದು ಹೇಳಬಲ್ಲವರು ಯಾರೂ ಇಲ್ಲ. ಹಳಗನ್ನಡದ ‘ಪಾಲ್’ ಎಂಬುದು ‘ಹಾಲು’ ಆಯಿತು, ‘ಪೂ’ ಎಂಬುದು ‘ಹೂ’ ಆಯಿತು. ೞಕಾರವು ಸದ್ದಿಲ್ಲದೆ ನಮ್ಮ ನಾಲಗೆಯಿಂದ ಇಳಿದುಹೋಯಿತು. ತರಗತಿಯಲ್ಲಿ ಈ ಪಾಠ ಹೇಳುವಾಗ ನಾನು ಶತಮಾನಗಳ ಲೆಕ್ಕವನ್ನು ಕೊಡಬಲ್ಲೆನೇ ಹೊರತು ತಾರೀಖನ್ನು ಕೊಡಲಾರೆ. ಯಾರೂ ಆಜ್ಞೆ ಮಾಡಲಿಲ್ಲ, ಯಾರೂ ಒಪ್ಪಿಗೆ ಕೇಳಲಿಲ್ಲ. ಆಡುತ್ತ ಆಡುತ್ತ ಜನರೇ ಬದಲಾಯಿಸಿದರು.

ತಾರೀಖನ್ನು ಕೊಡಬಹುದಾದ ಭಾಷೆಯೊಂದಿದೆ. ಅದು ಮನುಷ್ಯರು ಕಂಪ್ಯೂಟರಿಗೆ ಕೆಲಸ ಹೇಳುವ ‘ಪೈಥಾನ್’ ಎಂಬ ಭಾಷೆ. ದಿನ ೨೦೦೮ನೆಯ ಇಸವಿಯ ಡಿಸೆಂಬರ್ ೩. ವ್ಯಾಕರಣ ಕಲಿಸುವವನಿಗೂ ಯಂತ್ರದ ಭಾಷೆಗೂ ಏನು ನಂಟು ಎಂದು ಕೇಳಬಹುದು. ಅಂದಿನ ಬದಲಾವಣೆಯ ಮುಖ್ಯ ಕಾರಣಗಳಲ್ಲಿ ಒಂದು ಅಕ್ಷರದ ಪ್ರಶ್ನೆಯೇ ಆಗಿತ್ತು. ಆ ಪ್ರಶ್ನೆಯಲ್ಲಿ ಕನ್ನಡಕ್ಕೂ ಪಾಲಿತ್ತು.

ಈ ಭಾಷೆಯ ಹುಟ್ಟು ಹಾಲೆಂಡಿನಲ್ಲಿ. ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕವಿಜ್ಞಾನದ ಸಂಶೋಧನಾ ಕೇಂದ್ರದಲ್ಲಿದ್ದ ಗಿಡೋ ವಾನ್ ರಾಸಮ್ ಅವರು, ಜನಸಾಮಾನ್ಯರೂ ಕಲಿಯುವಂತಿರಬೇಕೆಂದು ರಚಿತವಾಗಿದ್ದ ‘ಎಬಿಸಿ’ ಎಂಬ ಭಾಷೆಗಾಗಿ ಮೊದಲು ಕೆಲಸ ಮಾಡಿದ್ದವರು. ೧೯೮೯ರ ಕ್ರಿಸ್‌ಮಸ್ ರಜೆಯಲ್ಲಿ ಹವ್ಯಾಸಕ್ಕೆಂದು ಹೊಸದೊಂದನ್ನು ಬರೆಯತೊಡಗಿದರು. ೧೯೯೧ರ ಫೆಬ್ರವರಿಯಲ್ಲಿ ಲೋಕಕ್ಕೆ ಹಂಚಿದರು. ಹೆಸರನ್ನು ಹೆಬ್ಬಾವಿನಿಂದ ತಂದದ್ದಲ್ಲ, ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯ ತಂಡದಿಂದ ತಂದದ್ದು. ಓದಲು ಸುಲಭ, ಬರೆಯಲು ಚಿಕ್ಕದು. ಆದ್ದರಿಂದ ಬೇಗನೆ ಹರಡಿತು.

ಹರಡಿದ ಮೇಲೆ ದೋಷಗಳೂ ಕಾಣಿಸಿದವು. ಯಂತ್ರದ ನೆನಪಿನಲ್ಲಿರುವ ಚಿಕ್ಕ ಮನೆಗೆ ‘ಬೈಟ್’ ಎಂದು ಹೆಸರು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ‘ಯುನಿಕೋಡ್’ ವ್ಯವಸ್ಥೆಯನ್ನು ‘ಯುಟಿಎಫ್-೮’ ಎಂಬ ರೂಢಿಯ ಕ್ರಮದಲ್ಲಿ ಬರೆದಾಗ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಹಳೆಯ ಪೈಥಾನಿಗೆ ಬೈಟೇ ಅಕ್ಷರ. ‘ಕನ್ನಡ’ ಎಂದು ಬರೆದು ಉದ್ದವೆಷ್ಟೆಂದು ಕೇಳಿದರೆ ಅದು ೧೫ ಎನ್ನುತ್ತಿತ್ತು! ೨೦೦೦ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಯುನಿಕೋಡಿಗೆ ಬೇರೆಯೇ ಒಂದು ಪಂಕ್ತಿಯನ್ನು ಹಾಕಿದರು. ಆದರೆ ಎರಡು ಪಂಕ್ತಿಗಳು ಬೆರೆತಾಗ ಗಲಿಬಿಲಿ. ಇಂಗ್ಲಿಷ್ ಬರೆಯುವವನಿಗೆ ಅದು ಕಾಣುತ್ತಲೇ ಇರಲಿಲ್ಲ. ಬೇರೆ ಲಿಪಿಯ ಹೆಸರೊಂದು ಬಂದೊಡನೆ ಪ್ರೋಗ್ರಾಂ ಮುಗ್ಗರಿಸುತ್ತಿತ್ತು.

ಮೂರನೆಯ ಆವೃತ್ತಿ ಈ ಪಂಕ್ತಿಭೇದವನ್ನು ತೆಗೆದುಹಾಕಿತು. ಬರೆಹವೆಲ್ಲ ಯುನಿಕೋಡ್, ಬೈಟುಗಳು ಬೇರೆ. ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಟ್ಟು ಲೆಕ್ಕ ಮಾಡುವ ಅವಕಾಶವೂ ಬಂದಿತು. ಇದರ ಜೊತೆಗೆ ಬೇರೆ ತಿದ್ದುಪಡಿಗಳೂ ಆದವು: ಮೂರನ್ನು ಎರಡರಿಂದ ಭಾಗಿಸಿದರೆ ಹಿಂದೆ ಒಂದು ಎನ್ನುತ್ತಿದ್ದ ಭಾಷೆ ಈಗ ಒಂದೂವರೆ ಎಂದಿತು. ತಿದ್ದಿದ್ದೆಲ್ಲ ನ್ಯಾಯವೇ. ಆದರೆ ಹಳೆಯ ಭಾಷೆಯಲ್ಲಿ ಬರೆದ ಅಸಂಖ್ಯಾತ ಪ್ರೋಗ್ರಾಂಗಳು ಹೊಸದರಲ್ಲಿ ನಡೆಯದೆ ಹೋದವು.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಸಾಧನವೊಂದನ್ನು ಕೊಟ್ಟಿದ್ದರು; ಅದು ಸಾಲಲಿಲ್ಲ. ತನ್ನದನ್ನು ಬದಲಿಸಬೇಕಾದವನು ತಾನು ನೆಚ್ಚಿದ ಇನ್ನೊಬ್ಬನಿಗಾಗಿ ಕಾದ. ಅವನು ಮತ್ತೊಬ್ಬನಿಗಾಗಿ ಕಾದ. ಕೈಬಿಟ್ಟಿದ್ದ ಹಳೆಯ ಬರವಣಿಗೆಯ ಗುರುತೊಂದನ್ನು ೨೦೧೨ರಲ್ಲಿ ಮರಳಿ ಒಪ್ಪಿಕೊಳ್ಳಬೇಕಾಯಿತು. ೨೦೧೫ಕ್ಕೆ ಹಳೆಯದರ ಪೋಷಣೆ ನಿಲ್ಲುವುದೆಂದಿದ್ದದ್ದನ್ನು ೨೦೨೦ಕ್ಕೆ ಮುಂದೂಡಿದರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಹಳೆಯ ಸಾಲಿನ ಕಡೆಯ ಆವೃತ್ತಿ ಹೊರಬಿದ್ದಿತು. ಒಂದು ದಿನ ಗೊತ್ತುಮಾಡಿ ಆರಂಭಿಸಿದ ಬದಲಾವಣೆಗೆ ಹಿಡಿದದ್ದು ಹನ್ನೆರಡು ವರ್ಷ.

ಹಾಗಾದರೆ ತಪ್ಪನ್ನು ತಿದ್ದದೆ ಬಿಡುವುದೇ ಲೇಸೆ? ಅದಕ್ಕೂ ಒಂದು ನಿದರ್ಶನ ನಮ್ಮ ಮನೆಯಲ್ಲಿಯೇ ಇದೆ. ಯುನಿಕೋಡಿನಲ್ಲಿ ನಮ್ಮ ೞಕಾರಕ್ಕೆ ಇಟ್ಟಿರುವ ಅಧಿಕೃತ ಹೆಸರು ‘ಕನ್ನಡದ ಫ ಅಕ್ಷರ’ ಎಂದು! ತಪ್ಪೆಂದು ಅವರೇ ಟಿಪ್ಪಣಿ ಬರೆದಿದ್ದಾರೆ. ಆದರೂ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮ. ಕೇಶಿರಾಜನು ಜೋಪಾನ ಮಾಡಿದ ಅಕ್ಷರ ಎಂದೆಂದಿಗೂ ಪರರ ಹೆಸರಿನಲ್ಲಿ ಬಾಳಬೇಕು. ಮುರಿದು ತಿದ್ದುವುದು ಒಂದು ದಾರಿ, ತಿದ್ದದೆ ಉಳಿಸುವುದು ಇನ್ನೊಂದು. ಎರಡಕ್ಕೂ ಬೆಲೆ ತೆರಬೇಕು.

ಪೈಥಾನಿನ ಹಿರಿಯರು ಮೂರನೆಯ ದಾರಿಯೊಂದನ್ನು ಈ ಅನುಭವದಿಂದ ಕಲಿತರು. ಅಷ್ಟರಲ್ಲಿ ಯಜಮಾನಿಕೆಯೂ ಬದಲಾಗಿತ್ತು. ವಾನ್ ರಾಸಮ್ ಅವರನ್ನು ಬಳಗದವರು ವಿನೋದವಾಗಿ ‘ಆಜೀವ ದಯಾಳು ಸರ್ವಾಧಿಕಾರಿ’ ಎಂದು ಕರೆಯುತ್ತಿದ್ದರು. ಭಾಷೆಗೆ ಒಂದು ಹೊಸ ಚಿಹ್ನೆಯನ್ನು ಸೇರಿಸುವ ಕುರಿತು ಕಟುವಾದ ವಾಗ್ವಾದ ನಡೆದ ಮೇಲೆ, ೨೦೧೮ರ ಜುಲೈಯಲ್ಲಿ ಅವರು ಆ ಪದವಿಯನ್ನು ಬಿಟ್ಟುಕೊಟ್ಟರು. ೨೦೧೯ರಿಂದ ಚುನಾಯಿತರಾದ ಐವರ ಮಂಡಲಿ ತೀರ್ಮಾನ ಮಾಡುತ್ತಿದೆ.

ಆ ಮಂಡಲಿಯ ಮುಂದೆ ಬಂದ ದೊಡ್ಡ ಪ್ರಶ್ನೆ ಬೀಗದ್ದು. ಒಂದು ಪ್ರೋಗ್ರಾಂನೊಳಗೆ ಹಲವು ಕೆಲಸಗಳಿದ್ದರೂ ಒಂದು ಹೊತ್ತಿನಲ್ಲಿ ಒಂದು ಮಾತ್ರ ಪೈಥಾನನ್ನು ನಡೆಸುವಂತೆ ೧೯೯೦ರ ದಶಕದ ಆದಿಯಿಂದಲೂ ಒಳಗೊಂದು ಬೀಗವಿದೆ. ಇಂದಿನ ಯಂತ್ರಗಳಲ್ಲಿ ಅನೇಕ ಸಂಸ್ಕಾರಕಗಳಿರುವುದರಿಂದ ಅದು ಹತ್ತು ಒಲೆಗಳ ಅಡುಗೆಮನೆಯಲ್ಲಿ ಒಂದೇ ಸೌಟು ಇದ್ದಂತೆ. ಸ್ಯಾಮ್ ಗ್ರಾಸ್ ಎಂಬವರು ಬೀಗವನ್ನು ತೆಗೆಯುವ ಉಪಾಯವನ್ನು ಮುಂದಿಟ್ಟರು. ೨೦೨೩ರಲ್ಲಿ ಒಪ್ಪಿಗೆ ಸಿಕ್ಕಿತು. ಹಿಂದಿನ ಫಜೀತಿ ಮರುಕಳಿಸಬಾರದೆಂಬುದೇ ಮಂಡಲಿಯ ಎಚ್ಚರವಾಗಿತ್ತು. ೨೦೨೪ರ ಅಕ್ಟೋಬರಿನ ೩.೧೩ನೆಯ ಆವೃತ್ತಿಯಲ್ಲಿ ಬೀಗವಿಲ್ಲದ ಪೈಥಾನ್ ಪ್ರಯೋಗಾರ್ಥವಾಗಿ ಬಂದಿತು. ೨೦೨೫ರ ಅಕ್ಟೋಬರಿನ ೩.೧೪ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆಯಿತು. ಆದರೂ ಅದು ಬೇಕಾದವರಿಗೆ ಮಾತ್ರ. ಒಂದೇ ಕೆಲಸ ನಡೆಸುವಾಗ ಅದು ಸುಮಾರು ಶೇಕಡಾ ೫ರಿಂದ ೧೦ರಷ್ಟು ನಿಧಾನ. ಬೀಗವುಳ್ಳದ್ದು ಪಕ್ಕದಲ್ಲೇ ಇದೆ.

ಸಾಧನಗಳ ಕತೆಯೂ ಇದೇ. ಇತರರು ಬರೆದಿಟ್ಟ ಭಾಗಗಳನ್ನು ತಂದು ಜೋಡಿಸಲು ೨೦೦೮ರಿಂದ ‘ಪಿಪ್’ ಎಂಬ ಸಲಕರಣೆ ಬಳಕೆಯಲ್ಲಿದೆ. ೨೦೨೪ರಲ್ಲಿ ‘ಆಸ್ಟ್ರಲ್’ ಎಂಬ ಸಂಸ್ಥೆ ರಸ್ಟ್ ಭಾಷೆಯಲ್ಲಿ ಬರೆದ ‘ಯುವಿ’ ಎಂಬುದನ್ನು ಹೊರತಂದಿತು. ಅದರ ವೇಗ ಹೆಚ್ಚು. ಆದರೆ ಜನ ಅದನ್ನು ಕೈಗೆತ್ತಿಕೊಳ್ಳಲು ವೇಗವೊಂದೇ ಕಾರಣವಲ್ಲ: ಪಿಪ್‌ಗೆ ಕೊಡುತ್ತಿದ್ದಂಥ ಆಜ್ಞೆಗಳನ್ನೇ ಅದಕ್ಕೂ ಕೊಡಬಹುದು, ಒಂದೇ ಯಂತ್ರದಲ್ಲಿ ಪೈಥಾನಿನ ಹಲವು ಆವೃತ್ತಿಗಳನ್ನು ಅಕ್ಕಪಕ್ಕ ಇರಿಸಬಹುದು. ಹೊಸ ಸೊಸೆ ಅತ್ತೆಯ ಅಡುಗೆಯನ್ನು ಮೊದಲು ಕಲಿತಂತೆ.

ಬದಲಾವಣೆ ನ್ಯಾಯವಾಗಿದ್ದರೆ ಸಾಲದು. ಹಳೆಯದನ್ನು ಆಡುವವರು ಸವೆದು ದಾಟಲು ಸೇತುವೆಯೂ ಬೇಕು. ಕನ್ನಡ ಇದನ್ನು ಅರಿಯದೆಯೇ ಮಾಡಿತು. ಪೈಥಾನ್ ಪೆಟ್ಟು ತಿಂದು ಕಲಿತಿತು. ಹಾಗೆಂದು ೨೦೦೮ರ ಸಾಹಸವನ್ನು ನಾನು ಹಳಿಯಲಾರೆ. ‘ಕನ್ನಡ’ ಎಂಬ ಶಬ್ದದ ಉದ್ದ ಇಂದು ಅದಕ್ಕೆ ಹದಿನೈದಲ್ಲ, ಐದು: ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ. ಬಳಪ ಹಿಡಿದ ಮಗುವನ್ನು ಕೇಳಿದರೆ ಮೂರೇ ಅಕ್ಷರ ಎಂದೀತು. ಒತ್ತಕ್ಷರ ಗುಣಿತಾಕ್ಷರಗಳನ್ನು ಕೂಡಿಸಿ ಮೂರೆಂದು ಎಣಿಸುವ ಸೂತ್ರವನ್ನು ಬೇರೆಯಾಗಿ ಬರೆದುಕೊಡಬೇಕು. ಹದಿನೈದನ್ನು ಐದಕ್ಕೆ ಇಳಿಸಿದವರು ಹೊರಗಿನವರು. ಐದನ್ನು ಮೂರಕ್ಕೆ ತರುವ ಕೆಲಸ ವ್ಯಾಕರಣ ಬಲ್ಲ ನಮ್ಮದು.