ಗಜದ ಜಮೀನು, ಸೆಂಟಿಮೀಟರಿನ ಮನೆ

ಆಗ್ನೇಯ ದೆಹಲಿಯ ಓಖ್ಲಾದಲ್ಲಿ ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ‘ಪಚಾಸ್ ಗಜ್’ ಎಂಬಂಥ ಉತ್ತರ ಬರುತ್ತದೆ. ಗಜವೆಂದರೆ ಉದ್ದದ ಅಳತೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ವಿಚಿತ್ರ ಅನ್ನಿಸಬಹುದು. ದೆಹಲಿಯ ಜಮೀನು ವ್ಯವಹಾರದಲ್ಲಿ ಗಜವೆಂದರೆ ಚದರ ಗಜ: ಮೂರಡಿಗೆ ಮೂರಡಿ, ಒಂಬತ್ತು ಚದರಡಿ. ಐವತ್ತು ಗಜಕ್ಕೆ 450 ಚದರಡಿ. ಬೆಂಗಳೂರಿನ ಥರ್ಟಿ ಫಾರ್ಟಿ ಸೈಟು ಇಲ್ಲಿಯ ಲೆಕ್ಕದಲ್ಲಿ 133 ಗಜ.

ಆದರೆ ‘ಥರ್ಟಿ ಫಾರ್ಟಿ’ ಎಂದಾಗ ವಿಸ್ತೀರ್ಣದ ಜೊತೆಗೆ ಆಕಾರವೂ ಗೊತ್ತಾಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ‘ಎಂಟು ಅಂಕಣದ ಮನೆ’ ಎಂದರೆ ಕಂಬಗಳ ನಡುವಿನ ಜಾಗಗಳನ್ನೇ ಎಣಿಸಿದ ಹಾಗೆ. ಕೇಳಿದವರ ಕಣ್ಣಿಗೆ ಮನೆಯ ಚೌಕಟ್ಟು ಕಟ್ಟುತ್ತದೆ. ಗಜ ಹಾಗಲ್ಲ, ‘ಹನ್ನೆರಡು ಚದರದ ಮನೆ’ ಎಂಬ ನಗರದ ಮಾತಿನಂತೆ ಅದೂ ಆಕಾರವನ್ನು ಮುಚ್ಚಿಡುತ್ತದೆ. ಐವತ್ತು ಗಜ 15 ಅಡಿಗೆ 30 ಅಡಿಯೂ ಇರಬಹುದು, 18ಕ್ಕೆ 25ಊ ಇರಬಹುದು. ಬೆಲೆ ಒಂದೇ. ಆದರೆ ಮೆಟ್ಟಿಲು ಎಲ್ಲಿ ಬರುತ್ತದೆ, ನಡುಕೋಣೆಗೆ ಕಿಟಕಿ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಎರಡರಲ್ಲೂ ಬೇರೆ. ಮನೆ ವಿನ್ಯಾಸದ ಸಾಫ್ಟ್‌ವೇರ್ ಮೊದಲು ಕೇಳುವುದು ಈ ಮುಚ್ಚಿಟ್ಟ ಆಕಾರವನ್ನೇ.

ಗಜ ಯಾವತ್ತೂ ಒಂದೇ ಆಗಿರಲಿಲ್ಲ. ಸಿಕಂದರ್ ಲೋದಿಯ ಕಾಲದ ಗಜವನ್ನು ಅವನ ನಾಣ್ಯಗಳನ್ನು ಸಾಲಾಗಿ ಜೋಡಿಸಿ ಲೆಕ್ಕ ಹಾಕುತ್ತಿದ್ದರು: ನಲವತ್ತೊಂದೂವರೆ ನಾಣ್ಯಗಳ ಅಗಲ. ಹುಮಾಯೂನ್ ಅದನ್ನು ನಲವತ್ತೆರಡು ಮಾಡಿದ. ಅಕ್ಬರ್ 1580ರ ದಶಕದಲ್ಲಿ ನಲವತ್ತೊಂದು ಬೆರಳಗಲದ ಇಲಾಹಿ ಗಜವನ್ನು ತಂದ. ಬ್ರಿಟಿಷರು 19ನೇ ಶತಮಾನದಲ್ಲಿ ಇದನ್ನು 33 ಇಂಚು ಎಂದು ನಿಗದಿ ಮಾಡಿದರು. ಕೊನೆಗೆ ಪೇಟೆಯಲ್ಲಿ ಉಳಿದುಕೊಂಡದ್ದು 36 ಇಂಚಿನ ಇಂಗ್ಲಿಷ್ ಯಾರ್ಡು, ಹೆಸರು ಮಾತ್ರ ಹಳೆಯ ಗಜದ್ದು. ಮೂರು ಇಂಚಿನ ವ್ಯತ್ಯಾಸ ಸಣ್ಣದೆನಿಸಿದರೂ ಚದರದ ಲೆಕ್ಕದಲ್ಲಿ ಅದು ಏಳೂವರೆ ಚದರಡಿಗೂ ಒಂಬತ್ತು ಚದರಡಿಗೂ ಇರುವ ಅಂತರ. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯಿದೆ ದೇಶಕ್ಕೆ ಮೀಟರನ್ನು ತಂದಿತು. ಆದರೂ ಜಮೀನಿನ ಮಾತು ಗಜದಲ್ಲೇ ಉಳಿಯಿತು.

ಓಖ್ಲಾ ಬೆಳೆದ ರೀತಿಯಲ್ಲೇ ಈ ತೊಡಕಿನ ಬೇರಿದೆ. 1935ರ ಮಾರ್ಚ್ 1ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕಟ್ಟಡಕ್ಕೆ ಇಲ್ಲಿ ಅಡಿಗಲ್ಲು ಬಿದ್ದಾಗ, ಅದನ್ನು ಇಟ್ಟದ್ದು ಶಾಲೆಯ ಅತಿ ಕಿರಿಯ ವಿದ್ಯಾರ್ಥಿ. ವಾಸ್ತುಶಿಲ್ಪಿ ಆಸ್ಟ್ರಿಯಾದ ಕಾರ್ಲ್ ಹೈನ್ಸ್. ಬಯಲು ಜಾಗ, ಮೊದಲು ನಕ್ಷೆ, ಆಮೇಲೆ ಗೋಡೆ. ಸುತ್ತಲಿನ ಜಾಕಿರ್ ನಗರ, ಬಾಟ್ಲಾ ಹೌಸ್, ಅಬುಲ್ ಫಜಲ್ ಎನ್‌ಕ್ಲೇವ್, ಶಾಹೀನ್ ಬಾಗ್‌ಗಳು ಬೆಳೆದದ್ದು ಹೀಗಲ್ಲ. ದೆಹಲಿಯ ಕಂದಾಯ ದಾಖಲೆಯಲ್ಲಿ ಹೊಲಕ್ಕೆ ಬಿಘಾ, ಬಿಸ್ವಾಗಳ ಲೆಕ್ಕ. ಒಂದು ಬಿಸ್ವಾ ಎಂದರೆ ಐವತ್ತು ಗಜಕ್ಕೆ ತುಸು ಹೆಚ್ಚು. ಹೊಲ ತುಂಡಾಗಿ ಗಜದ ಲೆಕ್ಕದಲ್ಲಿ ಮಾರಾಟವಾಯಿತು. ಹೊಲದ ಬದು ಓರೆಯಾಗಿದ್ದಲ್ಲಿ ಅಂಚಿನ ನಿವೇಶನವೂ ಓರೆಯಾಯಿತು. ಮನೆಗಳು ಕೈಯಲ್ಲಿ ದುಡ್ಡು ಕೂಡಿದಂತೆ ಮಹಡಿ ಮಹಡಿಯಾಗಿ ಎದ್ದವು.

ಪರದೆಯ ಮೇಲಿನ ನಕ್ಷೆಗಳು ಹುಟ್ಟಿದ್ದು ಬೇರೆ ಊರುಗಳಲ್ಲಿ, ಬೇರೆ ಮನೆಗಳಿಗಾಗಿ. ಅಮೆರಿಕದ ಆಟೋಕ್ಯಾಡ್ 1982ರ ಡಿಸೆಂಬರಿನಲ್ಲಿ ಬಂತು. ಅದರ ವಾಸ್ತುಶಿಲ್ಪದ ಅಳತೆಯಲ್ಲಿ ಒಂದು ಘಟಕವೆಂದರೆ ಒಂದು ಇಂಚು. ಸ್ಕೆಚ್‌ಅಪ್ 2000ದಲ್ಲಿ ಬಂದು, 2006ರಲ್ಲಿ ಗೂಗಲ್ ಪಾಲಾಗಿ, ಉಚಿತವಾಗಿ ಸಿಕ್ಕಿದ್ದರಿಂದ ಮನೆಮಾತಾಯಿತು. ಅದೇ ವರ್ಷ ಫ್ರಾನ್ಸಿನ ಎಮಾನ್ಯುಯೆಲ್ ಪ್ಯುಬಾರೆ ಸ್ವೀಟ್ ಹೋಮ್ ತ್ರೀಡಿಯನ್ನು ಬಿಡುಗಡೆ ಮಾಡಿದರು. ಅದು ಒಳಗೊಳಗೆ ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಲೆಕ್ಕ ಹಾಕುತ್ತದೆ. ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸಣ್ಣ ಮನೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಓಖ್ಲಾದಂಥ ನಿವೇಶನವನ್ನು ಇದರೊಳಗೆ ತರಲು ಒಂದಿಷ್ಟು ಅಡ್ಡದಾರಿ ಹಿಡಿಯಬೇಕು. ಮೊದಲನೆಯದು ಮೂಲೆಯಿಂದ ಮೂಲೆಗೆ ಅಳೆಯುವುದು. ನಾಲ್ಕು ಬದಿಗಳ ಉದ್ದ ಗೊತ್ತಿದ್ದ ಮಾತ್ರಕ್ಕೆ ಓರೆ ನಿವೇಶನದ ಆಕಾರ ತಿಳಿಯುವುದಿಲ್ಲ. ಅದೇ ಬದಿಗಳನ್ನಿಟ್ಟುಕೊಂಡು ಚೌಕಟ್ಟನ್ನು ಹೇಗೂ ವಾಲಿಸಬಹುದು. ಒಂದು ಕರ್ಣ ಅಳೆದರೆ ಎರಡು ತ್ರಿಕೋನಗಳಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನು ಕಾಗದದ ಮೇಲೆ ಕೈವಾರದಿಂದ ಬರೆದು, ನೇರ ಮೇಲಿನಿಂದ ಫೋಟೊ ತೆಗೆದು, ಸ್ವೀಟ್ ಹೋಮ್ ತ್ರೀಡಿಯಲ್ಲಿ ಹಿನ್ನೆಲೆ ಚಿತ್ರವಾಗಿ ಹಾಕಬಹುದು. ಅಳತೆ ಗೊತ್ತಿರುವ ಒಂದು ಗೆರೆಯ ಉದ್ದ ತಿಳಿಸಿದರೆ ಉಳಿದದ್ದೆಲ್ಲ ಅದೇ ಪ್ರಮಾಣಕ್ಕೆ ಹೊಂದಿಕೊಳ್ಳುತ್ತದೆ. ಮೂಲೆಮಟ್ಟ ಹಿಡಿದ ಗಾರೆ ಕೆಲಸದವರು ಮೂರು-ನಾಲ್ಕು-ಐದರ ಲೆಕ್ಕದಲ್ಲಿ ಮೂಲೆ ನೋಡುವುದೂ ತ್ರಿಕೋನದ ಇದೇ ಗುಣದಿಂದ.

ದುಡ್ಡು ಹೆಚ್ಚು ಹೋಗುವುದು ಗೋಡೆಯಲ್ಲಿ. ಈ ಸಾಫ್ಟ್‌ವೇರ್‌ನಲ್ಲಿ ಎಳೆಯುವ ಗೆರೆ ಗೋಡೆಯ ನಡುಗೆರೆ. ಹದಿನೈದು ಅಡಿ ಅಗಲದ ಜಾಗಕ್ಕೆ ಹದಿನೈದು ಅಡಿ ದೂರದಲ್ಲೇ ಒಂಬತ್ತಿಂಚಿನ ಎರಡು ಗೋಡೆ ಎಳೆದರೆ ಮನೆ ಹದಿನೈದು ಅಡಿ ಒಂಬತ್ತಿಂಚಾಗಿ ಪಕ್ಕದವರ ಜಾಗಕ್ಕೆ ನುಗ್ಗುತ್ತದೆ. ನಡುಗೆರೆಯಿಂದ ನಡುಗೆರೆಗೆ ಹದಿನಾಲ್ಕು ಅಡಿ ಮೂರಿಂಚು ಇರಬೇಕು. ಆಗ ಒಳಗೆ ಉಳಿಯುವುದು ಹದಿಮೂರೂವರೆ ಅಡಿ. ಮಂಚ, ಬೀರು, ಮೆಟ್ಟಿಲು ಎಲ್ಲ ಹಿಡಿಸಬೇಕಾದದ್ದು ಇದರಲ್ಲೇ.

ಬೆಳಕಿನ ವಿಷಯ ಇನ್ನೂ ಮೋಸದ್ದು. ದಿಕ್ಕು, ಊರು, ಹೊತ್ತು ಕೊಟ್ಟರೆ ಬಿಸಿಲು ಎಲ್ಲಿ ಬೀಳುತ್ತದೆಂದು ಸಾಫ್ಟ್‌ವೇರ್ ತೋರಿಸುತ್ತದೆ. ಆದರೆ ಅದರ ಜಗತ್ತಿನಲ್ಲಿ ಮನೆಯೊಂದೇ ಬಯಲಿನಲ್ಲಿ ನಿಂತಿರುತ್ತದೆ. ಓಖ್ಲಾದ ಗಲ್ಲಿಯಲ್ಲಿ ಎರಡೂ ಪಕ್ಕ, ಎಷ್ಟೋ ಕಡೆ ಹಿಂಭಾಗವೂ, ಬೇರೆ ಮನೆಗಳಿಗೆ ಅಂಟಿಕೊಂಡಿರುತ್ತದೆ. ಎದುರಿನ ಕಟ್ಟಡದ ಛಜ್ಜಾ ಗಲ್ಲಿಯ ಮೇಲೆ ಚಾಚಿರುತ್ತದೆ. ಪಕ್ಕದ, ಎದುರಿನ ಮನೆಗಳನ್ನು ಖಾಲಿ ಪೆಟ್ಟಿಗೆಗಳಾಗಿ ನಿಲ್ಲಿಸಿ ನೋಡಿದರೆ ಚಿತ್ರ ಕತ್ತಲಾಗುತ್ತದೆ. ಎರಡಂತಸ್ತಿನ ಮನೆ ನಾಳೆ ನಾಲ್ಕಾಗಬಹುದಾದ್ದರಿಂದ ಪೆಟ್ಟಿಗೆಯನ್ನು ಈಗಲೇ ನಾಲ್ಕಂತಸ್ತಿಗೆ ಎತ್ತರಿಸಿ ನೋಡುವುದು ಜಾಣತನ. ಮೆಟ್ಟಿಲ ಪಕ್ಕದಲ್ಲಿ ಆಕಾಶ ಕಾಣುವ ಕಿಂಡಿಗೆಂದು ಮೂರಡಿ ಬಿಟ್ಟುಕೊಡಲು ಒಪ್ಪದ ಮನೆಯವರಿಗೆ ಆ ಚಿತ್ರ ತೋರಿಸಿದರೆ ಸಾಕು.

2019ರ ಕೊನೆಯಲ್ಲಿ ಅಳತೆಗೆ ಬೇರೊಂದು ತೂಕ ಬಂತು. ದೆಹಲಿಯ 1,731 ಅನಧಿಕೃತ ಕಾಲೊನಿಗಳ ನಿವಾಸಿಗಳಿಗೆ ಮಾಲೀಕತ್ವದ ಹಕ್ಕು ಕೊಡುವ ಪಿಎಂ-ಉದಯ್ ಯೋಜನೆ, ಅದರ ಬೆನ್ನಿಗೆ ಸಂಸತ್ತಿನ ಕಾಯಿದೆ ಬಂದವು. ಯಮುನೆಯ ಪ್ರವಾಹ ಬಯಲಿನ ‘ಓ’ ವಲಯ ಹೊರಗುಳಿಯಿತು. ಅರ್ಜಿ ಹಾಕುವವರು ಜನರಲ್ ಪವರ್ ಆಫ್ ಅಟಾರ್ನಿ, ಕ್ರಯದ ಕರಾರುಗಳಂಥ ಹಳೆಯ ಕಾಗದಗಳ ಜೊತೆ, ನೇಮಿತ ಸಂಸ್ಥೆಯಿಂದ ತಮ್ಮ ನಿವೇಶನದ ಜಿಐಎಸ್ ಸರ್ವೆ ಮಾಡಿಸಬೇಕು. ಕಾಗದದಲ್ಲಿ ಐವತ್ತು ಗಜ, ಚದರ ಮೀಟರಿನಲ್ಲಿ ಅದು 41.8. ಗಜವನ್ನು 0.836ರಿಂದ ಗುಣಿಸಿದರೆ ಸಿಗುವ ಈ ಅಂಕಿ ನೆಲದ ಮೇಲಿನ ಅಳತೆಗೆ ತಾಳೆಯಾಗದಿದ್ದರೆ, ಆ ಓರೆ ಮೂಲೆಗೆ ಹೋಗಿ ಟೇಪು ಹಿಡಿದು ಇನ್ನೊಮ್ಮೆ ಕರ್ಣ ಅಳೆಯಬೇಕಾಗುತ್ತದೆ.