ಮರೆತ ಪಾಸ್‌ವರ್ಡ್, ದೂರದ ಯಂತ್ರ: ಬ್ಯಾಕೋಡಿನ ಕಡೆಯಿಂದ ನೋಡಿದ ಸರ್ವರ್ ನಿರ್ವಹಣೆ

ಪಹಣಿಗೋ ಪಿಂಚಣಿಗೋ ಕಚೇರಿಗೆ ಹೋದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಹಿಂತಿರುಗುವುದು ಕರ್ನಾಟಕದ ಎಲ್ಲ ಊರುಗಳಲ್ಲೂ ಇದೆ. ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡಿನವರಿಗೆ ಆ ನಾಳೆ ಬಹುಕಾಲ ದುಬಾರಿಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ, ಬ್ಯಾಕೋಡು ಸೀಮೆ ಸಾಗರ ಪೇಟೆಯಿಂದ ನೀರಿನಾಚೆಗೆ ಉಳಿಯಿತು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಕಳಸವಳ್ಳಿ ದಡ ಸೇರುವುದೇ ಹತ್ತಿರದ ದಾರಿ. ಸಂಜೆಯಾದರೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದಕ್ಕೆ ವಾಹನ ಹತ್ತಿಸುವುದನ್ನೂ ನಿಲ್ಲಿಸಿದ್ದುಂಟು. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾಗುವವರೆಗೂ ಇದೇ ಸ್ಥಿತಿ.

ನಿಂತ ಸರ್ವರನ್ನು ದೂರದಿಂದಲೇ ಎಬ್ಬಿಸಲು ಅದರೊಳಗೆ ಒಂದು ನಿರ್ವಹಣಾ ಭಾಗವಿರುತ್ತದೆ. ಅದರ ಪಾಸ್‌ವರ್ಡ್ ಮರೆತರೆ ಹೊಸದನ್ನು ಇಡುವ ದಾರಿಗಳು ಯಾವುವು, ಅವು ಯಾರನ್ನು ನಂಬಿ ನಿಂತಿವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ನನ್ನ ವಾದ ಇಷ್ಟು: ದೂರವನ್ನು ದಾಟಲೆಂದೇ ಹುಟ್ಟಿದ ಈ ಸಾಧನ, ಪಾಸ್‌ವರ್ಡ್ ಕಳೆದುಹೋದ ಗಳಿಗೆಯಲ್ಲಿ ಮನುಷ್ಯ ಯಂತ್ರದ ಬಳಿಗೇ ಬರಬೇಕೆಂದು ಕೇಳುತ್ತದೆ. ಆದ್ದರಿಂದ ಮರೆವಿನ ಪರಿಹಾರವನ್ನು ಯಂತ್ರ ಸುಸ್ಥಿತಿಯಲ್ಲಿ ಓಡುತ್ತಿರುವಾಗಲೇ, ಅದು ಇರುವ ಜಾಗದಲ್ಲೇ ಸಿದ್ಧಪಡಿಸಿಡಬೇಕು.

ಬ್ಯಾಕೋಡಿನಂಥ ಊರಿನ ಕಚೇರಿಯಲ್ಲಿ ರ‍್ಯಾಕ್ ಸರ್ವರ್ ಇರುವುದು ಅಪರೂಪ. ಆದರೆ ಆ ಊರಿನ ದಾಖಲೆ ಯಾವುದೋ ರ‍್ಯಾಕಿನಲ್ಲಿ ಇದ್ದೇ ಇರುತ್ತದೆ. ಇದಕ್ಕೆ ನಮ್ಮಲ್ಲಿ ಎಲ್ಲರೂ ಬಲ್ಲ ನಿದರ್ಶನ ‘ಭೂಮಿ’ ಎಂಬ ಭೂದಾಖಲೆ ಯೋಜನೆ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಒಂದೊಂದು ಸರ್ವರ್ ಇತ್ತು. ಬ್ಯಾಕೋಡಿನ ಪಹಣಿ ಸಾಗರದಲ್ಲಿ ಸಿಗುತ್ತಿತ್ತು, ಶುಲ್ಕ 15 ರೂಪಾಯಿ. ಮುಂದೆ ದತ್ತಾಂಶ ಬೆಂಗಳೂರಿನ ಕೇಂದ್ರ ವ್ಯವಸ್ಥೆಗೆ ಸೇರಿತು. ಭೂಮಿಯನ್ನು ರೂಪಿಸಿದವರು ಇನ್ನೊಂದು ವಿಷಯವನ್ನೂ ಯೋಚಿಸಿದ್ದರು. ದಾಖಲೆ ತಿದ್ದುವ ನೌಕರರು ತಂತ್ರಾಂಶದೊಳಕ್ಕೆ ಹೋಗಲು ಪಾಸ್‌ವರ್ಡಿನ ಬದಲು ಬೆರಳಚ್ಚು ಒತ್ತಬೇಕಿತ್ತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿಬಿಡಬಹುದು. ಆಮೇಲೆ ‘ತಿದ್ದಿದ್ದು ನಾನಲ್ಲ’ ಎನ್ನಲೂಬಹುದು. ಬೆರಳು ಆ ಮಾತಿಗೆ ಅವಕಾಶ ಕೊಡುವುದಿಲ್ಲ. ಯಾರು ಒಳಗೆ ಬಂದರು ಎಂಬುದು ಖಚಿತವಾಗಿ ಉಳಿಯಬೇಕೆಂಬ ಆ ಎಚ್ಚರ ನನಗೆ ಇಂದಿಗೂ ಮಾದರಿಯಾಗಿ ಕಾಣುತ್ತದೆ. ಅಂಥ ಎಚ್ಚರ ತಂತ್ರಾಂಶದ ಮೇಲ್ಮಟ್ಟದಲ್ಲಿ ಇದ್ದರಷ್ಟೇ ಸಾಲದು. ಅದರ ಕೆಳಗಿರುವ ಯಂತ್ರದ ನಿರ್ವಹಣಾ ಖಾತೆಗೂ ಅದು ಬೇಕು, ಏಕೆಂದರೆ ಆ ಖಾತೆ ಹಿಡಿದವರು ಸರ್ವರನ್ನು ಆರಿಸಬಹುದು, ಹೊತ್ತಿಸಬಹುದು, ಬೇರೊಂದು ಡಿಸ್ಕಿನಿಂದ ಆರಂಭಿಸಲೂಬಹುದು.

ಈ ನಿರ್ವಹಣಾ ಭಾಗಕ್ಕೆ ತಂತ್ರಜ್ಞರು ಬಿಎಂಸಿ ಎನ್ನುತ್ತಾರೆ. ಮದರ್‌ಬೋರ್ಡಿನ ಮೇಲೆಯೇ ಕೂತಿದ್ದರೂ ಅದು ಸ್ವತಂತ್ರವಾದ ಚಿಕ್ಕ ಕಂಪ್ಯೂಟರ್. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ಸಾಮಾನ್ಯವಾಗಿ ತನ್ನದೇ ನೆಟ್‌ವರ್ಕ್ ಪೋರ್ಟ್. ಸರ್ವರ್ ಆರಿದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಬಿಎಂಸಿ ಎಚ್ಚರವಾಗಿರುತ್ತದೆ. ಡೆಲ್ ಇದನ್ನು ಐಡ್ರ್ಯಾಕ್ ಎನ್ನುತ್ತದೆ, ಎಚ್‌ಪಿ ಐಎಲ್‌ಒ ಎನ್ನುತ್ತದೆ. ಎಲ್ಲ ಕಂಪನಿಗಳ ಯಂತ್ರಕ್ಕೂ ಹೊಂದುವ ಐಪಿಎಂಐ ಎಂಬ ಒಪ್ಪಂದವನ್ನು ಇಂಟೆಲ್, ಡೆಲ್, ಎಚ್‌ಪಿ ಮತ್ತು ಎನ್‌ಇಸಿ ಸೇರಿ 1998ರಲ್ಲಿ ಪ್ರಕಟಿಸಿದವು, 2.0 ಆವೃತ್ತಿ ಬಂದದ್ದು 2004ರಲ್ಲಿ. ಬಿಎಂಸಿಯ ಬಳಕೆದಾರರ ಪಟ್ಟಿ, ಪಾಸ್‌ವರ್ಡು, ನೆಟ್‌ವರ್ಕ್ ವಿಳಾಸ ಇವೆಲ್ಲ ಅದರದೇ ಫ್ಲ್ಯಾಶ್ ಮೆಮೊರಿಯಲ್ಲಿ ಇರುತ್ತವೆ. ಹಾಗಾಗಿ ಹಾರ್ಡ್ ಡಿಸ್ಕ್ ಬದಲಿಸಿದರೂ, ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದರೂ ಆ ಪಾಸ್‌ವರ್ಡ್ ಅಳಿಯದು. ಮನೆಯ ಕಂಪ್ಯೂಟರಿನಲ್ಲಿ ಮಾಡುವಂತೆ ಬೋರ್ಡಿನ ಗುಂಡು ಬ್ಯಾಟರಿ ತೆಗೆದು ಹಾಕಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಡೆಲ್ ಸರ್ವರಿನ ಮುಂದಿರುವ ಗುರುತಿನ ಗುಂಡಿಯನ್ನು 15 ಸೆಕೆಂಡಿಗಿಂತ ಹೆಚ್ಚು ಒತ್ತಿಹಿಡಿದರೆ ಐಡ್ರ್ಯಾಕ್ ಮತ್ತೆ ಆರಂಭವಾಗುತ್ತದೆಯೇ ಹೊರತು ಪಾಸ್‌ವರ್ಡ್ ಹಳೆಯದೇ ಇರುತ್ತದೆ.

ಇನ್ನು ದಾರಿಗಳ ವಿಚಾರ. ಅತ್ಯಂತ ಸಲೀಸಾದದ್ದು ಸರ್ವರಿನ ಒಳಗಿನಿಂದಲೇ ಹೋಗುವ ದಾರಿ. ಓಡುತ್ತಿರುವ ಲಿನಕ್ಸಿನಲ್ಲಿ ರೂಟ್ ಅಧಿಕಾರವಿದ್ದರೆ ಸಾಕು. ಸರ್ವರಿಗೂ ಬಿಎಂಸಿಗೂ ನಡುವೆ ಬೋರ್ಡಿನ ಮೇಲೆಯೇ ಕೆಸಿಎಸ್ ಎಂಬ ಸಂಪರ್ಕವಿದೆ, ಆ ಕಡೆಯಿಂದ ಬರುವ ಆದೇಶಕ್ಕೆ ಬಿಎಂಸಿ ಪಾಸ್‌ವರ್ಡ್ ಕೇಳುವುದಿಲ್ಲ. ಐಪಿಎಂಐಟೂಲ್ ಎಂಬ ಉಪಕರಣದಿಂದ ಬಳಕೆದಾರರ ಪಟ್ಟಿ ತರಿಸಿ, ನಿರ್ವಾಹಕ ಖಾತೆಯ ಸಂಖ್ಯೆ ನೋಡಿಕೊಂಡು ಹೊಸ ಪಾಸ್‌ವರ್ಡ್ ಬರೆದರಾಯಿತು. ಡೆಲ್‌ನಲ್ಲಿ ರೂಟ್, ಸೂಪರ್‌ಮೈಕ್ರೊದಲ್ಲಿ ಅಡ್ಮಿನ್ ಎಂಬ ಹೆಸರಿನ ಖಾತೆ ಸಾಮಾನ್ಯವಾಗಿ 2ನೆಯದು. ಸರ್ವರ್ ನಿಲ್ಲಿಸಬೇಕಿಲ್ಲ, ಕೌಂಟರಿನಲ್ಲಿ ನಿಂತ ಜನರಿಗೆ ಗೊತ್ತೂ ಆಗುವುದಿಲ್ಲ. ಡೆಲ್‌ನ ರ‍್ಯಾಕಡ್ಮಿನ್, ಎಚ್‌ಪಿಯ ಎಚ್‌ಪಿ ಆನ್‌ಸಿಎಫ್‌ಜಿ ಮಾಡುವುದೂ ಇದನ್ನೇ. ಪಾಸ್‌ವರ್ಡಿನ ಉದ್ದ ಮಾತ್ರ ಗಮನದಲ್ಲಿರಲಿ: ಐಪಿಎಂಐ 1.5ರಲ್ಲಿ 16, 2.0ರಲ್ಲಿ 20 ಬೈಟ್ ಮಿತಿ.

ಈ ದಾರಿಯ ತಳದಲ್ಲಿ ಒಂದು ನಂಬಿಕೆ ಇದೆ. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಯಾರ ವಶದಲ್ಲಿದೆಯೋ ಅವರೇ ಯಂತ್ರದ ಒಡೆಯರು ಎಂಬ ನಂಬಿಕೆ. ಇಂದಿನ ಪರಿಸ್ಥಿತಿಯಲ್ಲಿ ಅದನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಆಪರೇಟಿಂಗ್ ಸಿಸ್ಟಮಿಗೆ ನುಗ್ಗಿದ ಕಳ್ಳನೂ ಅದೇ ದಾರಿಯಿಂದ ಬಿಎಂಸಿಯಲ್ಲಿ ತನಗೊಂದು ಖಾತೆ ಮಾಡಿಕೊಳ್ಳಬಲ್ಲ. ಆಮೇಲೆ ಡಿಸ್ಕನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿದರೂ ಆ ಖಾತೆ ಉಳಿದಿರುತ್ತದೆ. ಅದಕ್ಕೇ ಈಚಿನ ಐಎಲ್‌ಒದಲ್ಲಿ ಒಳಗಿನಿಂದ ಬರುವ ಆದೇಶಕ್ಕೂ ಪಾಸ್‌ವರ್ಡ್ ಕೇಳುವ ಆಯ್ಕೆ ಇದೆ. ಐಡ್ರ್ಯಾಕ್ 9ರಲ್ಲಿ ಬದಲಾವಣೆಗಳಿಗೆಲ್ಲ ಬೀಗ ಹಾಕುವ ವಿಧಾನವಿದೆ. ಭದ್ರತೆಯ ಕಣ್ಣಿನಿಂದ ಇದು ಸರಿ. ಆದರೆ ಈ ಆಯ್ಕೆಯನ್ನು ಒತ್ತುವ ಮುನ್ನ ಯಂತ್ರ ಎಲ್ಲಿದೆ ಎಂದು ಕೇಳಿಕೊಳ್ಳಬೇಕು. ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ತಂತ್ರಜ್ಞ ಒಂದು ಮಹಡಿ ಇಳಿದರೆ ರ‍್ಯಾಕ್ ಸಿಗುತ್ತದೆ. ಹಿನ್ನೀರಿನಾಚೆಯೋ ಘಟ್ಟದ ಅಂಚಿನಲ್ಲೋ ಇರುವ ಯಂತ್ರಕ್ಕೆ ಒಳಗಿನ ದಾರಿಯನ್ನೂ ಮುಚ್ಚಿದರೆ, ಮರೆತ ದಿನ ಜನ ಹೋಗಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದು ಕರೆಂಟೂ ಸಂಪರ್ಕವೂ ಹೋಗುವ ದಿನಗಳಲ್ಲೇ ಈ ಪಾಸ್‌ವರ್ಡಿನ ನೆನಪಾಗುವುದು ಹೆಚ್ಚು.

ಒಳಗಿನ ದಾರಿ ಮುಚ್ಚಿದ್ದರೆ ಉಳಿಯುವುದು ಯಂತ್ರದೆದುರು ನಿಂತು ಮಾಡುವ ಕೆಲಸ. ಮಾನಿಟರ್, ಕೀಬೋರ್ಡ್ ಜೋಡಿಸಿ ಸರ್ವರನ್ನು ಮತ್ತೆ ಆರಂಭಿಸಿ, ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್9 ಒತ್ತಿ ಸೆಟಪ್‌ಗೆ ಹೋದರೆ ಅಲ್ಲಿಯೇ ನಿರ್ವಹಣಾ ಖಾತೆಯ ಪಾಸ್‌ವರ್ಡ್ ಬದಲಿಸಬಹುದು. ಅಷ್ಟು ಹೊತ್ತು ಸೇವೆ ನಿಲ್ಲುತ್ತದೆ.

ಎಚ್‌ಪಿ ಸರ್ವರುಗಳಲ್ಲಿ ಇನ್ನೊಂದು ಕೊನೆಯ ಉಪಾಯವಿದೆ. ಕರೆಂಟ್ ತೆಗೆದು ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆ ಪುಟ್ಟ ಸ್ವಿಚ್ಚುಗಳ ಸಾಲು. ಅದರಲ್ಲಿ ಎಸ್1 ಐಎಲ್‌ಒ ಭದ್ರತೆಯನ್ನು ಬದಿಗಿಡುತ್ತದೆ, ಎಸ್5 ಸೆಟಪ್‌ನ ಪಾಸ್‌ವರ್ಡನ್ನು. ಎಸ್1 ಹಾಕಿ ಯಂತ್ರ ಹೊತ್ತಿಸಿದ ಮೇಲೆ ಐಎಲ್‌ಒ ಯಾರ ಗುರುತನ್ನೂ ಕೇಳದೆ ಒಳಗೆ ಬಿಡುತ್ತದೆ. ಎದುರಿಗೆ ನಿಂತವರನ್ನಷ್ಟೇ ಅಲ್ಲ, ನೆಟ್‌ವರ್ಕಿನಿಂದ ಬಂದವರನ್ನೂ. ಆದ್ದರಿಂದ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ಕೆಲಸ ಮುಗಿದೊಡನೆ ಸ್ವಿಚ್ಚನ್ನು ಮೊದಲಿನ ಜಾಗಕ್ಕೆ ತರಬೇಕು. ಅವಸರದಲ್ಲಿ ಮುಚ್ಚಳ ಹಾಕಿ ರ‍್ಯಾಕಿಗೆ ತಳ್ಳಿಬಿಟ್ಟರೆ ಆ ಸರ್ವರಿಗೆ ಬಾಗಿಲೇ ಇಲ್ಲದಂತಾಗುತ್ತದೆ, ಹೊರಗಿನಿಂದ ನೋಡಿದವರಿಗೆ ಅದು ಕಾಣುವುದೂ ಇಲ್ಲ.

ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವುದೂ ಸಾಧ್ಯ. ದೂರದ ಯಂತ್ರಕ್ಕೆ ಇದು ಅತಿ ಅಪಾಯದ ಹೆಜ್ಜೆ ಎಂದು ನನ್ನ ತೀರ್ಮಾನ. ಪಾಸ್‌ವರ್ಡಿನ ಜೊತೆಗೆ ನೆಟ್‌ವರ್ಕ್ ವಿಳಾಸವೂ ಅಳಿಸಿಹೋಗುತ್ತದೆ. ಹಳೆಯ ಐಡ್ರ್ಯಾಕ್ 192.168.0.120 ಎಂಬ ಮೂಲ ವಿಳಾಸಕ್ಕೆ ಹಿಂತಿರುಗುತ್ತದೆ, ಕಚೇರಿಯ ಜಾಲದಲ್ಲಿ ಆ ವಿಳಾಸ ಯಾರಿಗೂ ಸಿಗದು. ಜೊತೆಗೆ ಮೂಲ ಪಾಸ್‌ವರ್ಡು ಎಲ್ಲರಿಗೂ ತಿಳಿದದ್ದು: ಹಳೆಯ ಡೆಲ್‌ಗೆ ಕ್ಯಾಲ್ವಿನ್, ಸೂಪರ್‌ಮೈಕ್ರೊಗೆ ಅಡ್ಮಿನ್ ಎಂದು ಕೈಪಿಡಿಗಳಲ್ಲೇ ಅಚ್ಚಾಗಿತ್ತು. ಸಂಪರ್ಕವಿರುವ ಉಪಕರಣಗಳಿಗೆ ಒಂದೇ ಪಾಸ್‌ವರ್ಡ್ ಕೊಟ್ಟು ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿ 1ರಂದು ಜಾರಿಗೆ ಬಂದ ಹೊತ್ತಿಗೆ ಕಂಪನಿಗಳು ಪ್ರತಿ ಯಂತ್ರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಕೊಡುವ ಕ್ರಮಕ್ಕೆ ಬಂದಿದ್ದವು. ಅದು ಈಗ ಸರ್ವರಿಗೆ ಅಂಟಿಸಿದ ಅಥವಾ ಎದುರಿನಿಂದ ಎಳೆದು ತೆಗೆಯುವ ಚೀಟಿಯ ಮೇಲಿರುತ್ತದೆ. ಮತ್ತೆ ಅದೇ ಮಾತು: ಓದಬೇಕಾದರೆ ಯಂತ್ರದ ಬಳಿ ಹೋಗಬೇಕು.

ಪಾಸ್‌ವರ್ಡ್ ಕೆಲಸ ಮಾಡದಿದ್ದರೆ ನಾವು ಮರೆತಿದ್ದೇವೆ ಎಂದೇ ಅಂದುಕೊಳ್ಳುತ್ತೇವೆ. ಇನ್ನಾರೋ ಅದನ್ನು ಬದಲಿಸಿರಬಹುದು ಎಂಬ ಸಾಧ್ಯತೆಗೆ ಆಡಳಿತದಲ್ಲಿ ಜಾಗ ಕಡಿಮೆ. 2013ರಲ್ಲಿ ಡ್ಯಾನ್ ಫಾರ್ಮರ್ ಎಂಬ ಭದ್ರತಾ ತಜ್ಞರು ಐಪಿಎಂಐ 2.0ರ ಮೂಲ ರಚನೆಯಲ್ಲೇ ಇರುವ ದೋಷವನ್ನು ಬಯಲಿಗಿಟ್ಟರು. ಖಾತೆಯ ಹೆಸರು ಹೇಳಿ ಕೇಳಿದರೆ ಬಿಎಂಸಿಯು ಕೇಳಿದವರ ಗುರುತು ಖಚಿತವಾಗುವ ಮೊದಲೇ ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಸಂಕೇತವನ್ನು ಕೊಟ್ಟುಬಿಡುತ್ತದೆ. ಅದನ್ನಿಟ್ಟುಕೊಂಡು ತಮ್ಮ ಕಂಪ್ಯೂಟರಿನಲ್ಲಿ ಎಷ್ಟು ಊಹೆಗಳನ್ನಾದರೂ ಪರೀಕ್ಷಿಸಬಹುದು. ಒಪ್ಪಂದದ ರಚನೆಯೇ ಹೀಗಿರುವುದರಿಂದ ತೇಪೆ ಹಾಕಿ ಸರಿಪಡಿಸುವಂತಿಲ್ಲ. ನೆಟ್‌ವರ್ಕಿನ ಕಡೆ ಐಪಿಎಂಐಯನ್ನು ಮುಚ್ಚುವುದು, ಬಿಎಂಸಿಗೆ ಪ್ರತ್ಯೇಕ ಜಾಲ ಕೊಡುವುದು, ಉದ್ದನೆಯ ಪಾಸ್‌ವರ್ಡ್ ಇಡುವುದು, ಇಷ್ಟೇ ಉಪಾಯ. ಈಚೆಗೆ ಎಎಂಐ ಕಂಪನಿಯ ಮೆಗಾರ‍್ಯಾಕ್ ತಂತ್ರಾಂಶದಲ್ಲಿ ಪಾಸ್‌ವರ್ಡೇ ಇಲ್ಲದೆ ಒಳನುಗ್ಗಬಹುದಾದ ದೋಷ ಕಂಡುಬಂತು. ಅದರ ತೀವ್ರತೆಗೆ 10ಕ್ಕೆ 10 ಅಂಕ. 2025ರ ಜೂನ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅದನ್ನು ವಾಸ್ತವವಾಗಿ ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು.

ಆದ್ದರಿಂದ ಹೊಸ ಪಾಸ್‌ವರ್ಡ್ ಇಡುವ ಮುನ್ನ ನೋಡಬೇಕಾದದ್ದಿದೆ. ಒಳಗಿನ ದಾರಿಯಿಂದಲೇ ಬಳಕೆದಾರರ ಪಟ್ಟಿಯನ್ನೂ ಘಟನಾ ದಾಖಲೆಯನ್ನೂ ತೆಗೆದಿಟ್ಟುಕೊಳ್ಳಬೇಕು. ಗುರುತಿಲ್ಲದ ಖಾತೆಯೊಂದು ಕಂಡರೆ ಅದು ಮರೆವಿನ ಪ್ರಕರಣವಲ್ಲ. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಅನಧಿಕೃತ ಪ್ರವೇಶ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು. ಅವಸರದಿಂದ ಕಾರ್ಖಾನೆ ಸ್ಥಿತಿಗೆ ಮರಳಿಸಿದವರು ಆ ಸಾಕ್ಷ್ಯವನ್ನು ತಾವೇ ಕೆಡಿಸಿರುತ್ತಾರೆ.

ಪಾಸ್‌ವರ್ಡನ್ನು ಒಬ್ಬರ ನೆನಪಿನಲ್ಲಿಡುವ ಪದ್ಧತಿಯೇ ಮೂಲ ಸಮಸ್ಯೆ. ಗುತ್ತಿಗೆ ಮುಗಿದು ತಂತ್ರಜ್ಞ ಹೋಗುತ್ತಾನೆ, ಅಧಿಕಾರಿಗೆ ವರ್ಗವಾಗುತ್ತದೆ, ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಕುರ್ಚಿ, ಬೀರು, ಮುದ್ರಣಯಂತ್ರ ಎಲ್ಲವೂ ಇದ್ದು ಇದೊಂದೇ ಇರುವುದಿಲ್ಲ. ಸರ್ಕಾರಿ ಖಜಾನೆಗೆ ಈ ವಿಷಯದಲ್ಲಿ ಹಳೆಯ ತಿಳಿವಳಿಕೆಯಿದೆ: ಭದ್ರತಾ ಕೊಠಡಿಗೆ ಎರಡು ಬೀಗ, ಕೀಲಿಗಳು ಇಬ್ಬರ ಬಳಿ, ನಕಲು ಕೀಲಿ ಅರಗಿನ ಮುದ್ರೆಯೊಳಗೆ ಬೇರೆ ಕಡೆ. ಸರ್ವರಿಗೂ ಇದೇ ಕ್ರಮ ಸಲ್ಲುತ್ತದೆ. ಒಂದು ಮೊಹರು ಮಾಡಿದ ಲಕೋಟೆ, ಇಬ್ಬರ ಸಹಿ, ಒಡೆದ ದಿನ ಮತ್ತು ಕಾರಣ ಬರೆಯುವ ವಹಿ.

ಆ ಲಕೋಟೆ ಎಲ್ಲಿರಬೇಕೆಂಬ ಪ್ರಶ್ನೆಗೆ ಬ್ಯಾಕೋಡಿನ ಕಡೆಯಿಂದ ನೋಡಿದವರ ಉತ್ತರ ಸ್ಪಷ್ಟ. ಅದರ ಒಂದು ಪ್ರತಿ ಯಂತ್ರವಿರುವ ಕಚೇರಿಯಲ್ಲೇ, ಆದರೆ ಸರ್ವರ್ ಕೋಣೆಯ ಹೊರಗೆ ಬೀಗದಲ್ಲಿರಬೇಕು. ಬೆಂಗಳೂರಿನಲ್ಲಷ್ಟೇ ಇದ್ದರೆ ಸಂಪರ್ಕ ಕಡಿದ ದಿನ ಅದು ಸಿಗುವುದಿಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮುನ್ನ ಅದನ್ನು ಒಡೆದು, ಪಾಸ್‌ವರ್ಡ್ ನಿಜಕ್ಕೂ ನಡೆಯುತ್ತದೆಯೇ ಎಂದು ನೋಡಿ, ಹೊಸದನ್ನಿಟ್ಟು ಮತ್ತೆ ಮೊಹರು ಮಾಡಬೇಕು. ಒಳಗೆ ಪಾಸ್‌ವರ್ಡಿನ ಜೊತೆಗೆ ಬಿಎಂಸಿಯ ನೆಟ್‌ವರ್ಕ್ ವಿಳಾಸ, ಸೆಟಪ್‌ನ ಪಾಸ್‌ವರ್ಡ್, ಚೀಟಿಯ ಮೇಲಿನ ಮೂಲ ಪಾಸ್‌ವರ್ಡಿನ ನಕಲು, ಆ ಮಾದರಿಯಲ್ಲಿ ಸ್ವಿಚ್ಚುಗಳ ಜಾಗ ತೋರಿಸುವ ಪುಟ, ಒಳಗಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ಎಂಬ ಒಂದು ಸಾಲು ಇರಬೇಕು. ಎಲ್ಲವೂ ಕನ್ನಡದಲ್ಲಿರಲಿ, ಏಕೆಂದರೆ ಆ ದಿನ ಅದನ್ನು ಒಡೆಯುವವರು ಎಂಜಿನಿಯರ್ ಆಗಿರದೆ ಕಚೇರಿಯ ಗುಮಾಸ್ತರೇ ಆಗಿರಬಹುದು, ಓದಿ ಹೇಳಬೇಕಾದದ್ದು ಫೋನಿನಲ್ಲಿ ಇನ್ನೊಬ್ಬರಿಗೆ.